ಕಾಲುವೆಯಲ್ಲಿ ನೆನೆದ ಮಾತ್ರೆಗಳು

ವಿಮಾನ ನಿಲ್ದಾಣ

ಬ್ಯಾಂಕಾಕಿನಲ್ಲಿ ನಮ್ಮನ್ನು ಮೊದಲು ವಿಚಾರಿಸಿಕೊಂಡದ್ದು ಒಂದು ನಾಯಿ. ನಮ್ಮ ಗುಂಪಿನಲ್ಲಿ ಅಷ್ಟು ಜನ ಇದ್ದರೂ ಅದು ಎಲ್ಲರನ್ನೂ ಬಿಟ್ಟು ನನ್ನ ಚೀಲದ ಮುಂದೆ ಬಂದು ಕುಕ್ಕರಿಸಿತು. ಅದರ ಹಗ್ಗ ಹಿಡಿದಿದ್ದ ಪೊಲೀಸಿನವನು ನಗುನಗುತ್ತ ಚೀಲ ಬಿಚ್ಚಲು ಸನ್ನೆ ಮಾಡಿದ. ಆ ನಗು ನನಗೆ ಹಿಡಿಸಲಿಲ್ಲ. ನಮ್ಮ ಕಡೆ ಪೊಲೀಸರು ನಕ್ಕರೆ ಏನೋ ಕಾದಿದೆ ಎಂದೇ ಅರ್ಥ.

ಚೀಲದಲ್ಲಿ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಇದ್ದವು. ಜೊತೆಗೆ ಅಲ್ಲಿನ ತೋಟದವರಿಗೆ ಕೊಡೋಣವೆಂದು ಒಯ್ದಿದ್ದ ಉಂಡೆ ಕೊಬ್ಬರಿ. ಅವನು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿದ, ಬೆರಳಿನಿಂದ ಬಡಿದ, ಮೂಸಿದ. ತೆಂಗಿನ ದೇಶದವನಿಗೆ ಇದು ತೆಂಗಿನಕಾಯಿ ಎಂದು ನಂಬಿಸುವುದು ಕಷ್ಟವಾಯಿತು. ಅವರು ಕಾಯಿಯನ್ನು ಹಸಿಯಾಗಿಯೇ ಬಳಸುವವರು. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೆ ಕಾಯುವ ತಿಪಟೂರು ಸೀಮೆಯ ತಾಳ್ಮೆ ಅವರಿಗೆ ಗೊತ್ತಿಲ್ಲ. ಚೈತ್ರ ಇಂಗ್ಲಿಷಿನಲ್ಲಿ ವಿವರಿಸಿದಳು. ಅವನು ಕೊಬ್ಬರಿಯನ್ನೆಲ್ಲ ತೆಗೆದಿಟ್ಟುಕೊಂಡು, ಉಳಿದದ್ದನ್ನು ನೀಟಾಗಿ ತುಂಬಿಕೊಟ್ಟು, ಕೈ ಮುಗಿದು ಕಳಿಸಿದ.

ಕೊಬ್ಬರಿ ಹೋದದ್ದಕ್ಕೆ ನನ್ನ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಅದರಡಿ ಒಂದು ವಿಟಮಿನ್ ಡಬ್ಬಿ ಇತ್ತು. ಅದರೊಳಗೆ ಇದ್ದದ್ದು ವಿಟಮಿನ್ ಅಲ್ಲ.

ಇಲ್ಲೇ ಹೇಳಿಬಿಡುತ್ತೇನೆ. ಚೈತ್ರ ನನ್ನ ತಮ್ಮನ ಮಗಳು. ಅದು ಅವಳ ನಿಜವಾದ ಹೆಸರಲ್ಲ. ಹೆಸರು ಬದಲಿಸು, ಮಿಕ್ಕಿದ್ದೆಲ್ಲ ಇದ್ದ ಹಾಗೇ ಬರಿ ಎಂದವಳು ಅವಳೇ. ನನ್ನ ತಮ್ಮ, ಅವನ ಹೆಂಡತಿ ಇಬ್ಬರೂ ಎಚ್‌ಐವಿಯಿಂದ ತೀರಿಕೊಂಡರು. ಹುಟ್ಟುವಾಗಲೇ ಮಗುವಿಗೂ ಅದು ಬಂದಿತ್ತು. ಗಂಡ ಹೋದ ಮೇಲೆ ತವರಿನ ತೋಟ ನೋಡಿಕೊಂಡಿದ್ದ ನಾನು ಅವಳನ್ನು ಸಾಕಿದೆ. ಈ ಪ್ರವಾಸದ ಹೊತ್ತಿಗೆ ಅವಳಿಗೆ ಹದಿಮೂರು ವರ್ಷ. ಮೈ ನೋಡಿದರೆ ಹತ್ತು ಅನ್ನಬೇಕು. ಬೆಳಿಗ್ಗೆ ಸಂಜೆ ನುಂಗುವ ಮಾತ್ರೆ ರಕ್ತ ಕಮ್ಮಿ ಇರುವುದಕ್ಕೆ ಎಂದು ಊರಿಗೆ ಹೇಳಿದ್ದೆ. ಅವಳಿಗೂ ಅದನ್ನೇ ಹೇಳಿದ್ದೆ.

ಬಸ್ಸಿನಲ್ಲಿ

ನಮ್ಮದು ತೆಂಗು ಬೆಳೆಗಾರರ ಗುಂಪು. ಚಿಕ್ಕನಾಯಕನಹಳ್ಳಿಯ ಪ್ರಕಾಶಪ್ಪ ಎಂಬ ಬೆಳೆಗಾರರು ಮೊದಲೇ ಒಂದು ಸಲ ಹೋಗಿ ಬಂದಿದ್ದವರು, ದಸರಾ ರಜೆಯಲ್ಲಿ ನಮ್ಮನ್ನೆಲ್ಲ ಹೊರಡಿಸಿದ್ದರು. ಚೈತ್ರಳನ್ನು ಹುಳಿಯಾರಿನ ಅವಳ ಸೋದರಮಾವನ ಮನೆಯಲ್ಲಿ ಬಿಡಬಹುದಿತ್ತು. ನಾನು ಬಿಡಲಿಲ್ಲ. ರಜೆಗೆ ಅಲ್ಲಿಗೆ ಹೋಗಿ ಬಂದಾಗಲೆಲ್ಲ ಅವಳು ಕೆಲವು ದಿನ ನನ್ನನ್ನು ಅಳೆಯುವ ಹಾಗೆ ನೋಡುತ್ತಿದ್ದಳು. ಅವರು ಏನೋ ಹೇಳಿಕೊಡುತ್ತಾರೆ ಎಂಬ ಗುಮಾನಿ ನನಗೆ ಮೊದಲಿಂದಲೂ ಇತ್ತು. ಏನು ಹೇಳಿಕೊಡುತ್ತಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟು ತುರುವೇಕೆರೆಯ ಶಾಂತಕ್ಕನವರದು. ಒಳ್ಳೆಯ ಹೆಂಗಸು ಎಂದು ಎಲ್ಲರೂ ಹೇಳಿದರು. ಎಲ್ಲರೂ ಹೇಳಿದ್ದಕ್ಕೇ ನಾನು ಹುಷಾರಾದೆ. ಚೈತ್ರ ಮಾತ್ರೆ ನುಂಗುವುದನ್ನು ನೋಡಿ, ಹುಡುಗಿಗೆ ಏನು ಕೊಡ್ತೀರಿ ಎಂದು ಕೇಳಿದರು. ವಿಟಮಿನ್ನು ಎಂದೆ. ನಮ್ಮ ಮೊಮ್ಮಗಳೂ ಹಿಂಗೇ ಸೊರಗೌಳೆ ಎಂದು ಡಬ್ಬಿಯ ಮೇಲಿನ ಚೀಟಿಯನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡರು. ಫೋಟೋ ಹಿಗ್ಗಿಸಿ ನೋಡಿ, "ಚೀಟೀಲಿ ಕೆಂಪು ಮಾತ್ರೆ ಐತೆ, ನೀವು ಕೊಟ್ಟಿದ್ದು ಬೇರೆ ಬಣ್ಣ ಇತ್ತಲ್ಲಮ್ಮ" ಎಂದರು. ಕಂಪನಿ ಬದಲಾಗಿದೆ ಎಂದು ಏನೋ ಗೊಣಗಿದೆ. ಅಂದಿನಿಂದ ಚೀಲವನ್ನು ಮಡಿಲಿಂದ ಇಳಿಸಲಿಲ್ಲ.

ಊಟದಲ್ಲೂ ನನಗೆ ಇದೇ ಪಾಡು. ಅಲ್ಲಿ ಸೊಪ್ಪಿಗೂ ಮೀನಿನ ರಸ ಹಾಕುತ್ತಾರೆ. ಶುದ್ಧ ಸಸ್ಯಾಹಾರಕ್ಕೆ 'ಜೇ' ಎನ್ನಬೇಕಂತೆ; ಹಳದಿ ಬಾವುಟ ಕಟ್ಟಿದ ಅಂಗಡಿಯಲ್ಲಿ ಅದು ಸಿಗುತ್ತದಂತೆ. ಹಳದಿ ಬಾವುಟ ಯಾರು ಬೇಕಾದರೂ ಕಟ್ಟಬಹುದಲ್ಲ ಎಂದು ನಾನು ಹುರಿಹಿಟ್ಟು ಕಲಸಿಕೊಂಡೆ. ಚೈತ್ರ ಜೇ ಅಂಗಡಿಯಲ್ಲಿ ಹೊಟ್ಟೆ ತುಂಬ ಉಂಡು ಬಂದಳು.

ನನ್ನ ಈ ಅನುಮಾನದ ಬುದ್ಧಿ ಯಾರನ್ನೂ ಉಳಿಸುವುದಿಲ್ಲ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಚೈತ್ರಳಿಗೆ ಎಂಟು ವರ್ಷವಿದ್ದಾಗ ಅವಳ ಔಷಧಿ ಬದಲಾಯಿಸಿದರು. ಒಂದು ವಾರ ಕಳೆಯಿತು, ಜ್ವರ ಬಂತು. ಆಮೇಲೆ ವಾಂತಿ, ಕೆಮ್ಮು, ಮೈತುಂಬ ದದ್ದು. ಹತ್ತಿರದ ಡಾಕ್ಟರು ದಡಾರ ಇರಬಹುದು ಎಂದರು. ನನಗೆ ಕಂಡದ್ದು ಬೇರೆ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಜ್ವರ ಏರುವುದು, ಮತ್ತೊಂದು ಮಾತ್ರೆಯ ಹೊತ್ತಿಗೆ ಸ್ವಲ್ಪ ಇಳಿಯುವುದು. ನುಂಗಿದರೆ ಮತ್ತೆ ಮೊದಲಿಗಿಂತ ಜೋರು. ಒಂದು ಸಂಜೆ ಅವಳ ಉಸಿರೇ ಕಟ್ಟುವ ಹಾಗಾಯಿತು. ನಾನು ಅವಳ ಕೈಯಲ್ಲಿದ್ದ ಮಾತ್ರೆಯನ್ನು ಕಿತ್ತುಕೊಂಡು, ಉಳಿದ ಮಾತ್ರೆಗಳನ್ನೂ ತಿಪ್ಪೆಗೆ ಎಸೆದೆ. ಹುಳಿಯಾರಿನ ಸೋದರಮಾವ ಅವತ್ತು ಅವಳನ್ನು ನೋಡಲು ಬಂದಿದ್ದರು. ಜಗಲಿಯ ಮೇಲೆ ನಿಂತು ಎಲ್ಲವನ್ನೂ ನೋಡಿದರು.

ಅವಳನ್ನು ಬೆಂಗಳೂರಿಗೆ ಎತ್ತಿಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಯಾರನ್ನೂ ಕೇಳದೆ ಔಷಧಿ ನಿಲ್ಲಿಸಿದ್ದಕ್ಕೆ ಮೊದಲು ಗದರಿದರು. ಆಮೇಲೆ ದದ್ದು ನೋಡಿ, ನಾನು ಹೇಳಿದ್ದನ್ನೆಲ್ಲ ಕೇಳಿ, ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಕೆಲವರು ಹುಟ್ಟುವಾಗಲೇ ಒಂದು ಬಗೆಯ ಜೀನ್ ಪಡೆದು ಬಂದಿರುತ್ತಾರಂತೆ. ಅಂಥವರಲ್ಲಿ ಹಲವರ ಮೈ ಅಬಾಕವಿರ್ ಎಂಬ ಆ ಔಷಧಿಯನ್ನು ಶತ್ರುವಿನ ಹಾಗೆ ಕಾಣುತ್ತದಂತೆ. ಚೈತ್ರಳಲ್ಲಿ ಅದು ಇತ್ತು. ನಿಲ್ಲಿಸಿದ ಎರಡು ದಿನಕ್ಕೆ ಜ್ವರ ಬಿಟ್ಟಿತ್ತು. "ಇನ್ನೊಂದು ಸಲ ಇದು ಒಳಗೆ ಹೋದರೆ ಜ್ವರಕ್ಕೆ ನಿಲ್ಲಲ್ಲ ಕಣಮ್ಮ, ಜೀವ ಹೋಗುತ್ತೆ" ಎಂದರು ಡಾಕ್ಟರಮ್ಮ. ಆ ಹೆಸರನ್ನು ನಾನು ಬಾಯಿಪಾಠ ಮಾಡಿಕೊಂಡೆ. ಚೈತ್ರಳಿಗೆ ಏನೂ ಹೇಳಲಿಲ್ಲ. ಅದನ್ನು ಹೇಳಲು ಹೋದರೆ ಕಾಯಿಲೆಯ ಹೆಸರನ್ನೂ ಹೇಳಬೇಕಾಗುತ್ತಿತ್ತು.

ಕಾಲುವೆ ಊರು

ಬ್ಯಾಂಕಾಕಿನಿಂದ ಒಂದಷ್ಟು ದೂರ ಹೋದರೆ ಅವರ ತೆಂಗಿನ ಸೀಮೆ. ನಾವು ತೋಟಕ್ಕೆ ನೀರು ಹುಡುಕಿಕೊಂಡು ನೆಲವನ್ನು ಸಾವಿರ ಅಡಿ ಕೊರೆಯುತ್ತೇವೆ. ಅವರು ನೀರಿನ ನಡುವೆ ಮಣ್ಣು ಏರಿಸಿ ತೋಟ ಮಾಡಿದ್ದಾರೆ. ಎರಡು ಸಾಲು ಮರ, ನಡುವೆ ಕಾಲುವೆ. ಕಿತ್ತ ಕಾಯಿ ನೀರಿನಲ್ಲಿ ತೇಲಿಕೊಂಡು ತಾನೇ ಮನೆಗೆ ಬರುತ್ತದೆ. ನಮ್ಮವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಮರದ ಹೊಂಬಾಳೆಯಿಂದ ರಸ ಇಳಿಸಿ, ದೊಡ್ಡ ಬಾಣಲೆಯಲ್ಲಿ ಕುದಿಸಿ, ಬೆಲ್ಲ ಮಾಡುವ ಹೆಂಗಸೊಬ್ಬಳು ನಮಗೆಲ್ಲ ಬಿಸಿ ಬೆಲ್ಲ ಕೊಟ್ಟಳು. ಪ್ರತಿ ಮನೆಯ ಮುಂದೆ ಕಂಬದ ಮೇಲೆ ಒಂದು ಪುಟ್ಟ ಗುಡಿ. ಒಳಗಿನ ದೇವತೆಗೆ ಕೆಂಪು ಶರಬತ್ತಿನ ಬಾಟಲಿ ಇಟ್ಟು, ಕುಡಿಯಲು ಸ್ಟ್ರಾ ಕೂಡ ಹಾಕಿರುತ್ತಾರೆ. ಚೈತ್ರಳಿಗೆ ಅದು ಬಹಳ ಹಿಡಿಸಿತು. ದೇವರಿಗೆ ಬಾಯಾರಿಕೆ ಆಗುತ್ತೆ ಅಂತ ಇವರಿಗಾದರೂ ಹೊಳೆದಿದೆಯಲ್ಲ ಎಂದಳು.

ತೋಟದಿಂದ ತೋಟಕ್ಕೆ ದೋಣಿಯಲ್ಲೇ ಹೋಗಬೇಕು. ಒಂದು ಕಡೆ ಇಳಿಯುವ ಮೆಟ್ಟಿಲು ಪಾಚಿಗಟ್ಟಿತ್ತು. ಮೊದಲೇ ಇಳಿದಿದ್ದ ಶಾಂತಕ್ಕ, ಚೀಲ ಇಲ್ಲಿ ಕೊಡಿ ಎಂದು ಕೈ ಚಾಚಿದರು. ಚೀಲದ ಬಾಯಿ ಅವರ ಕೈಗೆ ಹೋಗುವುದು ನನಗೆ ಬೇಡವಾಗಿತ್ತು. ಹಿಂದಕ್ಕೆ ಎಳೆದುಕೊಂಡೆ. ದೋಣಿ ಓಲಾಡಿತು. ನಾನು ಹೇಗೋ ಪಕ್ಕದ ಕಂಬ ಹಿಡಿದುಕೊಂಡೆ. ಚೀಲ ಕಾಲುವೆಗೆ ಬಿತ್ತು.

ದೋಣಿಯವನು ನಗುತ್ತಲೇ ಕೊಕ್ಕೆಯ ಗಳದಿಂದ ಚೀಲ ಎತ್ತಿಕೊಟ್ಟ. ಅಷ್ಟರಲ್ಲಿ ಅದು ಮುಳುಗಿ ಎದ್ದಿತ್ತು. ನಾನು ಒಂದು ಮರದ ಹಿಂದೆ ಹೋಗಿ ಡಬ್ಬಿ ತೆಗೆದೆ. ಮುಚ್ಚಳ ಸಡಿಲಾಗಿತ್ತು. ಒಳಗೆ ಮಾತ್ರೆಗಳೆಲ್ಲ ಕರಗಿ ಬೂದು ಬಣ್ಣದ ಹಿಟ್ಟಾಗಿದ್ದವು. ಊರು ಸೇರಲು ಇನ್ನೂ ದಿನಗಳಿದ್ದವು. ಒಂದು ಹೊತ್ತೂ ತಪ್ಪಿಸಬೇಡಿ ಎಂದು ಡಾಕ್ಟರಮ್ಮ ಪ್ರತಿ ಸಲವೂ ಹೇಳುತ್ತಿದ್ದರು. ಅವರ ನಂಬರಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ. ಆಗಲೂ ಹೋಗಲಿಲ್ಲ.

ಚೈತ್ರಳಿಗೆ ಹೊಟ್ಟೆ ನೋವು, ಆಸ್ಪತ್ರೆಗೆ ತೋರಿಸಬೇಕು ಎಂದು ಪ್ರಕಾಶಪ್ಪನವರಿಗೆ ಸುಳ್ಳು ಹೇಳಿದೆ. ಅವರು ಗಾಡಿ ಮಾಡಿಸಿ ತಾವೂ ಬಂದರು. ಶಾಂತಕ್ಕ ಕರೆಯದಿದ್ದರೂ ಹತ್ತಿಕೊಂಡರು.

ಆಸ್ಪತ್ರೆ

ಅದೊಂದು ಚಿಕ್ಕ ಊರಿನ ಆಸ್ಪತ್ರೆ. ಚಪ್ಪಲಿ ಹೊರಗೆ ಬಿಡಬೇಕು. ಜನ ತುಂಬಿದ್ದರೂ ಗಲಾಟೆ ಇಲ್ಲ, ಎಲ್ಲರೂ ಗುಡಿಯಲ್ಲಿ ಕೂತವರ ಹಾಗೆ ಪಿಸುಮಾತು. ನಮ್ಮ ಆಸ್ಪತ್ರೆಗಳಲ್ಲಿ ಯಾರಿಗೆ ಏನು ಕಾಯಿಲೆ ಎಂಬುದು ಬಾಗಿಲವರೆಗೆ ಕೇಳಿಸುತ್ತದೆ. ಇಲ್ಲಿ ಏನೂ ಕೇಳಿಸದಿರುವುದೂ ನನಗೆ ಸರಿಕಾಣಲಿಲ್ಲ.

ಪ್ರಕಾಶಪ್ಪ, ನಾನು ಇಂಗ್ಲಿಷಲ್ಲಿ ಹೇಳ್ತೀನಿ ಬನ್ನಿ ಎಂದು ಒಳಗೆ ಹೊರಟರು. ಅವರು ಬಂದರೆ ಇಡೀ ಬಸ್ಸಿಗೆ ಗೊತ್ತಾಗುತ್ತದೆ. ನನಗೆ ಓದಲು ಬರುವ ಇಂಗ್ಲಿಷ್ ಮಾತಾಡಲು ಬರದು. ಉಳಿದವಳು ಚೈತ್ರ. ಬಸ್ಸಿಗೆ ಗೊತ್ತಾಗಬೇಕೋ ಅವಳಿಗೆ ಗೊತ್ತಾಗಬೇಕೋ ಎಂದು ಬಾಗಿಲಲ್ಲಿ ನಿಂತು ಯೋಚಿಸಿದೆ. ಮಾತೇ ಆಡದಿದ್ದರಾಯಿತು ಎಂದು ಒಂದು ಉಪಾಯ ಹೊಳೆಯಿತು. ಅವಳು ನುಂಗುತ್ತಿದ್ದ ಮಾತ್ರೆಗಳ ಹೆಸರು ನನಗೆ ಗೊತ್ತಿತ್ತು. ಅದನ್ನು ಚೀಟಿಯಲ್ಲಿ ಬರೆದೆ. ಆಗದ ಮಾತ್ರೆಯ ಹೆಸರನ್ನೂ ಬರೆಯೋಣವೆಂದರೆ ಕೈ ಓಡಲಿಲ್ಲ. ನನ್ನ ಅಕ್ಷರ ತಪ್ಪು ಓದಿಕೊಂಡು ಅದನ್ನೇ ಕೊಟ್ಟುಬಿಟ್ಟರೆ ಎಂಬ ಹೆದರಿಕೆ. ಹೆಣ್ಣುಮಗುವಿನ ವಿಷಯ, ನೀವು ಇಲ್ಲೇ ಇರಿ ಎಂದು ಪ್ರಕಾಶಪ್ಪನವರನ್ನು ತಡೆದು, ಚೈತ್ರ ನಾನು ಇಬ್ಬರೇ ಒಳಗೆ ಹೋದೆವು.

ಡಾಕ್ಟರು ನಡುವಯಸ್ಸಿನವರು, ಸಣ್ಣ ದನಿ. ಚೀಟಿ ಓದಿದರು. ನನ್ನ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ಚೈತ್ರಳ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಏನೋ ಕೇಳಿದರು. ಚೈತ್ರ ನೆಲ ನೋಡುತ್ತಲೇ ಹೇಳಿದಳು. ಉದ್ದದ ವಾಕ್ಯವೇನಲ್ಲ, ಮೂರೇ ಅಕ್ಷರ. ಅವನ್ನು ಯಾರೂ ನನಗೆ ಕನ್ನಡ ಮಾಡಿ ಹೇಳಬೇಕಿರಲಿಲ್ಲ.

ನಾನು ಅವಳ ಕಡೆ ತಿರುಗಿದೆ. ಅವಳು ತಿರುಗಲಿಲ್ಲ. ಡಾಕ್ಟರು ಇನ್ನೂ ಏನೇನೋ ಕೇಳಿದರು, ಅವಳು ಉತ್ತರ ಕೊಡುತ್ತ ಹೋದಳು. ಒಂದು ಪ್ರಶ್ನೆಗೆ "ನೋ" ಎಂದಳು. ಡಾಕ್ಟರು ಅವಳ ಕಣ್ಣಿನ ರೆಪ್ಪೆ ಇಳಿಸಿ ನೋಡಿದರು, ತೂಕ ನೋಡಿದರು. ಒಂದು ಪೊಟ್ಟಣ ತರಿಸಿ ಮೇಜಿನ ಮೇಲಿಟ್ಟರು. ನನ್ನ ಹಳೇ ಮಾತ್ರೆ ಇಲ್ಲಿಲ್ಲ, ನಾಳೆ ಬರುತ್ತೆ, ಅದರಿಂದ ರಕ್ತವೂ ಕಮ್ಮಿ ಆಗುತ್ತೆ, ಇದು ಅದೇ ಕೆಲಸ ಮಾಡುತ್ತೆ, ಇನ್ನೂ ಒಳ್ಳೇದು ಅಂತಿದ್ದಾರೆ ಎಂದು ಚೈತ್ರ ಒಣದನಿಯಲ್ಲಿ ಹೇಳಿದಳು.

ನಾನು ಪೊಟ್ಟಣ ತಿರುಗಿಸಿದೆ. ಒಂದು ಬದಿಯಲ್ಲಿ ಥಾಯ್ ಅಕ್ಷರ. ಇನ್ನೊಂದು ಬದಿಯ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅಬಾಕವಿರ್. ಅಷ್ಟರಲ್ಲಿ ಚೈತ್ರ ಅದಕ್ಕೆ ಕೈ ಚಾಚಿದ್ದಳು. ನಾನು ಕಿತ್ತುಕೊಂಡೆ.

"ಮತ್ತೆ ಅದೇ ಮಾಡ್ತಿದೀಯ" ಎಂದಳು ಚೈತ್ರ. ಅವಳ ದನಿ ಜೋರಾಗಿರಲಿಲ್ಲ. "ಆವಾಗ್ಲೂ ಹಿಂಗೇ ಕಿತ್ಕೊಂಡೆ. ತಿಪ್ಪೆಗೆ ಎಸೆದೆ. ಮಾವ ಎಲ್ಲಾ ಹೇಳವ್ರೆ. ನಾನು ಹೋದ್ರೆ ಅಪ್ಪನ ಭಾಗದ ತೋಟ ನಿಂಗೇ ಅಲ್ವಾ."

ಹುಡುಗಿಯನ್ನು ಅವರಿಂದ ಕಾಯಬೇಕು, ಇವರಿಂದ ಕಾಯಬೇಕು ಎಂದು ಇಷ್ಟು ವರ್ಷ ಎಲ್ಲರ ಕೈ, ಎಲ್ಲರ ಕಣ್ಣು ನೋಡಿಕೊಂಡು ಬಂದಿದ್ದೆ. ಅವಳು ನನ್ನ ಕೈಯನ್ನು ನೋಡುತ್ತಿದ್ದಳು.

ಡಾಕ್ಟರಿಗೆ ಕನ್ನಡ ಅರ್ಥವಾಗಲಿಲ್ಲ, ಆದರೆ ಪೊಟ್ಟಣವನ್ನು ನಾನು ಹಿಡಿದುಕೊಂಡ ರೀತಿ ಅರ್ಥವಾಗಿರಬೇಕು. ಈ ಔಷಧಿ ಮೊದಲು ತಗೊಂಡಿದ್ದಾಳಾ, ಆಗ ಏನಾಯಿತು ಎಂದು ನನ್ನನ್ನು ಕೇಳಲು ಚೈತ್ರಳಿಗೆ ಹೇಳಿದರು. ಅವಳು ಕೇಳಿದಳು. ನಾನು ಹೇಳಿದೆ. ಮೊದಲ ಜ್ವರ ಯಾವಾಗ ಬಂತು, ದದ್ದು ಎಲ್ಲಿಂದ ಶುರುವಾಯಿತು, ಮಾತ್ರೆ ಕೊಟ್ಟಾಗ ಹೇಗೆ ಏರುತ್ತಿತ್ತು, ಯಾವ ಸಂಜೆ ಉಸಿರು ಕಟ್ಟಿತು. ನಿಲ್ಲಿಸಿದ ಎರಡು ದಿನಕ್ಕೆ ಎದ್ದು ಕೂತು ಮಜ್ಜಿಗೆ ಅನ್ನ ಕೇಳಿದ್ದು, ಬೆಂಗಳೂರಿನ ಡಾಕ್ಟರಮ್ಮ ಹೇಳಿದ್ದು. ತನ್ನದೇ ಕಥೆಯನ್ನು ಅವಳು ಒಂದೊಂದೇ ವಾಕ್ಯ ಇಂಗ್ಲಿಷಿಗೆ ಮಾಡುತ್ತ ಹೋದಳು. ಮೊದಮೊದಲು ತಾನು ನಂಬದ ಸಾಕ್ಷಿಯ ಮಾತನ್ನು ಒಪ್ಪಿಸುವವಳ ಹಾಗೆ. ಮಜ್ಜಿಗೆ ಅನ್ನದ ಹತ್ತಿರ ನಿಂತಳು. ಅದು ಅವಳಿಗೆ ನೆನಪಿತ್ತು.

ಡಾಕ್ಟರು ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಕೋಣೆಯ ಆಚೆಗೇ ಕಳಿಸಿಬಿಟ್ಟರು. ಅಲರ್ಜಿ ಇದೆಯಾ ಎಂದು ಅವರು ಮೊದಲೇ ಕೇಳಿದ್ದರು. ಚೈತ್ರಳ "ನೋ" ಅದಕ್ಕೇ. ಕೋಪ ಮಾಡಿಕೊಳ್ಳಲಿಲ್ಲ. ಕಾಗದದ ಮೇಲೆ ಒಂದು ಬೀಗ, ಒಂದು ಬೀಗದ ಕೈ ಬರೆದು ಅವಳಿಗೆ ಬಹಳ ಹೊತ್ತು ವಿವರಿಸಿದರು. ಬೀಗಕ್ಕೆ ಕೈ ಕೂಡುವ ಹಾಗೆ ಆ ಔಷಧಿ ಈ ಜೀನಿಗೆ ಕೂಡಿಕೊಳ್ಳುತ್ತದಂತೆ, ಈ ಜೀನ್ ಥಾಯ್ ಜನರಿಗಿಂತ ನಮ್ಮ ದೇಶದವರಲ್ಲಿ ಹೆಚ್ಚಂತೆ; ಇದನ್ನೆಲ್ಲ ಚೈತ್ರ ಆಮೇಲೆ ಹೇಳಿದಳು.

"ಏನಂದ್ರು?" ಎಂದೆ.

"ಇವತ್ತು ಇದನ್ನ ನುಂಗಿದ್ರೆ ಊರಿಗೆ ಹೋಗ್ತಿರ್ಲಿಲ್ವಂತೆ" ಎಂದಳು. ಆಮೇಲೆ, "ಆವಾಗ ನೀನು ನಿಲ್ಲಿಸ್ದೆ ಇದ್ದಿದ್ರೂ" ಎಂದಳು.

ಹಳೆಯ ಮಾತ್ರೆಗಳನ್ನೇ ಡಾಕ್ಟರು ಬೇರೆ ಆಸ್ಪತ್ರೆಯಿಂದ ಅಂದೇ ತರಿಸಿಕೊಟ್ಟರು. ನಾನು ಒಂದೊಂದರ ಹೆಸರನ್ನೂ ಓದಿದೆ. ಚೈತ್ರಳ ಕೈಗೆ ಕೊಟ್ಟೆ, ಅವಳೂ ಓದಿದಳು.

ಆಸ್ಪತ್ರೆಯ ಹಿಂದೆ

ಮಾತ್ರೆ ಬರುವವರೆಗೆ ನಾವಿಬ್ಬರೂ ಹಿಂದಿನ ಅಂಗಳದ ಬೆಂಚಿನ ಮೇಲೆ ಕೂತಿದ್ದೆವು. ಕಾಯಿಲೆಯ ವಿಷಯ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮಾತ್ರೆಯ ಮೇಲೆ ಒತ್ತಿದ್ದ ಅಕ್ಷರಗಳನ್ನು ಮಾವನ ಫೋನಿನಲ್ಲಿ ಹಾಕಿ ನೋಡಿದ್ದಳಂತೆ, ಬಹಳ ಹಿಂದೆಯೇ. ನನ್ನನ್ನು ಯಾಕೆ ಕೇಳಲಿಲ್ಲ ಎಂದರೆ, ಸುಳ್ಳು ಹೇಳುವವರನ್ನು ಕೇಳಿ ಏನು ಪ್ರಯೋಜನ ಎಂದಳು. ರಕ್ತ ಕಮ್ಮಿ ಎಂಬುದು ಸುಳ್ಳು ಎಂದು ಗೊತ್ತಾದ ಮೇಲೆ ಮಿಕ್ಕಿದ್ದರಲ್ಲಿ ಯಾವುದು ನಿಜ ಅಂತ ನಂಬಲಿ ಎಂದಳು.

ಅವಳ ಅಪ್ಪ ಅಮ್ಮ ಹೇಗೆ ಹೋದರು ಎಂದು ಅಲ್ಲೇ ಹೇಳಿದೆ. ನಮ್ಮ ಮಾತು ತಿಳಿಯದ ಜನ ಅತ್ತಿತ್ತ ಓಡಾಡುತ್ತಿದ್ದರು. ನಮ್ಮ ಕಡೆಯ ಹೊನ್ನವಳ್ಳಿಯಲ್ಲೋ ತಿಪಟೂರಲ್ಲೋ ಆಗಿದ್ದರೆ ಇಷ್ಟನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲವೇನೋ. ಅವಳು ಅಳಲಿಲ್ಲ. ಮಾವ ಬೇಕಂತ ಹಂಗೆ ಹೇಳಿರಲಿಕ್ಕಿಲ್ಲ, ಕಂಡಿದ್ದನ್ನ ಹೇಳವ್ರೆ ಎಂದಳು. ನನಗೆ ಈಗಲೂ ಆ ವಿಷಯದಲ್ಲಿ ಪೂರ್ತಿ ನಂಬಿಕೆಯಿಲ್ಲ. ಆದರೆ ಅವಳ ಎದುರು ಹಾಗೆ ಹೇಳಲಿಲ್ಲ.

ಗಾಡಿಯ ಹತ್ತಿರ ಬಂದಾಗ ಶಾಂತಕ್ಕ, ಡಾಕ್ಟ್ರು ಏನಂದ್ರು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚೈತ್ರ, "ನಂಗೊಂದು ಔಷಧಿ ಆಗಿ ಬರಲ್ವಂತೆ ಕಣಕ್ಕ, ಹುಟ್ಟಿದಾಗಿಂದ" ಎಂದಳು. ಶಾಂತಕ್ಕ ಅವಳ ತಲೆ ಸವರಿ, ನಮ್ಮ ತಂಗಿಗೂ ಯಾವುದೋ ಇಂಜೆಕ್ಷನ್ ಆಗಲ್ಲ ಎಂದು ಅದರ ಕಥೆ ಶುರು ಮಾಡಿದರು. ದಾರಿಯುದ್ದಕ್ಕೂ ಹೇಳಿದರು. ಅವರಿಗೆ ಏನು ಗೊತ್ತು, ಎಷ್ಟು ಗೊತ್ತು ಎಂದು ನಾನು ಅವರ ಮುಖ ನೋಡುತ್ತಲೇ ಇದ್ದೆ. ಏನೂ ಕಾಣಲಿಲ್ಲ.

ಮರಳಿ

ಊರಿಗೆ ಬಂದ ಮೇಲೆ ಚೈತ್ರ ಬೆಂಗಳೂರಿನ ಡಾಕ್ಟರಮ್ಮನ ಕೋಣೆಗೆ ನನ್ನ ಜೊತೆಯಲ್ಲೇ ಬಂದಳು. ಮೊದಲೆಲ್ಲ ಅವಳನ್ನು ಹೊರಗೆ ಕೂರಿಸಿ ನಾನೊಬ್ಬಳೇ ಮಾತಾಡಿ ಬರುತ್ತಿದ್ದೆ. ಅವಳು ಕೇಳಿದ ಮೊದಲ ಪ್ರಶ್ನೆ, ಈ ಜೀನ್ ಅಪ್ಪನಿಂದ ಬಂದದ್ದೋ ಅಮ್ಮನಿಂದ ಬಂದದ್ದೋ ಎಂಬುದು. ಈಗ ಹೇಳಲಾಗದು ಎಂದರು ಡಾಕ್ಟರಮ್ಮ. ಹಾಗಾದರೆ ಅತ್ತೆಯ ರಕ್ತ ನೋಡಿ ಎಂದಳು. ಚಿಕಿತ್ಸೆಗೆ ಅದರ ಅಗತ್ಯವಿಲ್ಲ ಎಂದು ಅವರು ಹೇಳಿದರೂ ಬಿಡಲಿಲ್ಲ. ನನ್ನನ್ನು ಪರೀಕ್ಷಿಸಲು ಇನ್ನೂ ಏನೋ ಬಾಕಿ ಇದೆ ಎಂದುಕೊಂಡು ತೋಳು ಚಾಚಿದೆ.

ವರದಿ ತರಲು ಹೋದಾಗ ಗೊತ್ತಾಯಿತು, ನನ್ನಲ್ಲೂ ಅದು ಇತ್ತು. ಬಹುಶಃ ನಿಮ್ಮ ಕಡೆಯಿಂದಲೇ ಬಂದಿರಬೇಕು ಎಂದರು ಡಾಕ್ಟರಮ್ಮ. ಊರಿಗೆ ಮರಳುವ ಬಸ್ಸು ತುಮಕೂರು ದಾಟಿದ ಮೇಲೆ ಚೈತ್ರ ನನ್ನ ತೋಳಿಗೆ ಒರಗಿ ನಿದ್ದೆ ಹೋದಳು.

ಮಾತ್ರೆಯ ಹೆಸರು ಓದದೆ ಈಗ ಅವಳು ಬಾಯಿಗೆ ಹಾಕಿಕೊಳ್ಳುವುದಿಲ್ಲ, ನಾನು ಕೊಟ್ಟರೂ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋದ ತಿಂಗಳು ತೋಟದಲ್ಲಿ ತೆಂಗಿನ ಹೆಡೆಮಟ್ಟೆಯೊಂದು ಕಳಚಿ ನನ್ನ ಕಾಲಿನ ಮೇಲೆ ಬಿತ್ತು. ಗಾಯಕ್ಕೆ ಹೊಲಿಗೆ ಹಾಕಿಸಲು ತಿಪಟೂರಿಗೆ ಹೋದೆವು. ನರ್ಸಮ್ಮ ಬರೆದುಕೊಳ್ಳುತ್ತ, ಯಾವುದಾದ್ರೂ ಔಷಧಿ ಆಗಲ್ವಾ ಎಂದು ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು. ಇಲ್ಲ ಎನ್ನಲು ಹೊರಟಿದ್ದೆ.

"ಅಬಾಕವಿರ್ ಆಗಲ್ಲ" ಎಂದಳು ಚೈತ್ರ. "ನಮ್ಮ ಮನೇಲಿ ಇಬ್ರಿಗೂ ಆಗಲ್ಲ."

ನರ್ಸಮ್ಮನಿಗೆ ಆ ಹೆಸರು ತಿಳಿಯಲಿಲ್ಲ. ಇನ್ನೊಂದು ಸಲ ಹೇಳು ಎಂದರು. ಚೈತ್ರ ಒಂದೊಂದೇ ಅಕ್ಷರ ಬಿಡಿಸಿ, ಆ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಯಾರಾದರೂ ಗುರುತಿನವರು ಇದ್ದಾರೆಯೇ ಎಂದು ನಾನು ಸುತ್ತ ನೋಡಿದೆ. ಅವಳು ನೋಡಲಿಲ್ಲ.